ರಾಯಚೂರು ಶಿವಮೂರ್ತಪ್ಪನವರ ಬಿಸಿಲು

ಶಿಕಾರಿಪುರದಲ್ಲಿ ಶಿವಮೂರ್ತಪ್ಪ ಎಂಬ ಹೆಸರಿನವರು ಕಡಿಮೆಯೇನಿಲ್ಲ. ಅವರಲ್ಲಿ ಒಬ್ಬರನ್ನು ಜನ ‘ರಾಯಚೂರು ಶಿವಮೂರ್ತಪ್ಪ’ ಎಂದು ಗುರುತಿಸುತ್ತಿದ್ದರು. ಅವರೇನು ರಾಯಚೂರಿನವರಲ್ಲ. ಅಪ್ಪ, ಅಜ್ಜ ಎಲ್ಲರೂ ಇದೇ ಊರಿನ ಹುಚ್ಚರಾಯನ ಕೆರೆಯ ಗಾಳಿ ಕುಡಿದೇ ಬೆಳೆದವರು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಕಾಲದಲ್ಲಿ ವರ್ಗವಾಗಿ ಒಂಬತ್ತು ವರ್ಷ ರಾಯಚೂರಿನಲ್ಲಿ ಇದ್ದು ಬಂದಿದ್ದರು, ಅಷ್ಟೆ. ಆದರೆ ಆ ಒಂಬತ್ತು ಬೇಸಿಗೆಗಳನ್ನು ಅವರು ನಿವೃತ್ತಿಯಾದ ಮೇಲೂ ಜತನವಾಗಿ ಇಟ್ಟುಕೊಂಡಿದ್ದರು. ಬೇರೆ ನೌಕರರು ಪಿಂಚಣಿಯ ಮೇಲೆ ಬದುಕಿದರೆ ಇವರು ರಾಯಚೂರಿನ ಬಿಸಿಲಿನ ಮೇಲೆ ಬದುಕುತ್ತಿದ್ದರು.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಅವರ ಮೈಯಲ್ಲಿ ಹೊಸ ಹುರುಪು ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಯಾರಾದರೂ ಹಣೆ ಒರೆಸಿಕೊಂಡು, “ಈ ಸಲ ಏನ್ ಬಿಸಿಲ್ರೀ” ಎಂದರೆ ಸಾಕು, ಮೂರನೇ ಟೇಬಲಿನಿಂದ ಉತ್ತರ ಬರುತ್ತಿತ್ತು.

“ಇದು ಬಿಸಿಲೇನ್ರೀ? ಇದು ಬಿಸಿಲಿನ ನೆರಳು. ರಾಯಚೂರಿಗೆ ಹೋಗಿ ನೋಡಿ. ಅಲ್ಲಿ ಕಾಗೆ ಹಾರಬೇಕಾದ್ರೂ ಯೋಚನೆ ಮಾಡುತ್ತೆ.”

ಬಿಸಿಲಿಗೆ ಅವರಲ್ಲಿ ದರ್ಜೆಗಳಿದ್ದವು. ರಾಯಚೂರಿನದು ಗಂಡುಬಿಸಿಲು. ದಾವಣಗೆರೆಯದು ಅದರ ಕೈಕೆಳಗಿನ ಗುಮಾಸ್ತ. ಶಿಕಾರಿಪುರದ್ದು ಹಂಗಾಮಿ ನೌಕರ, ಇವತ್ತು ಇದ್ದರೆ ನಾಳೆ ಇಲ್ಲ. ಇನ್ನು ಸೊರಬದ ಕಡೆಯದನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅದು ಮಲೆನಾಡಿನ ಸೆರಗು, ಅಲ್ಲಿಯವರ ಮೈ ಬೆಣ್ಣೆಯದು, ಮೋಡ ಸರಿದರೆ ಕರಗುತ್ತಾರೆ ಎನ್ನುತ್ತಿದ್ದರು. ನಡುವೆ ಎರಡು ವರ್ಷ ಕಾರವಾರದಲ್ಲೂ ಇದ್ದರು. ಅದರ ಮಾತು ಬಂದರೆ, “ಅದು ಬಿಸಿಲಲ್ಲ, ಹಬೆ. ಅದನ್ನ ಬಿಸಿಲು ಅನ್ನೋರಿಗೆ ಬುದ್ಧಿ ಇಲ್ಲ” ಎಂದು ಮುಗಿಸಿಬಿಡುತ್ತಿದ್ದರು. ಆ ಎರಡು ವರ್ಷ ಅವರ ಬೆನ್ನ ತುಂಬ ಬೆವರುಗುಳ್ಳೆ ಎದ್ದು, ಅಂಗಿ ತೊಡಲಾರದೆ, ಯಾರ್ಯಾರದೋ ಕಾಲು ಹಿಡಿದು ವರ್ಗ ಮಾಡಿಸಿಕೊಂಡ ಸಂಗತಿ ಹೆಂಡತಿ ಜಗದಾಂಬನವರಿಗೆ ಮಾತ್ರ ಗೊತ್ತಿತ್ತು. ಜಗದಾಂಬನವರು ಇಂಥ ಎಷ್ಟೋ ಸಂಗತಿಗಳನ್ನು ತಿಳಿದೂ ಸುಮ್ಮನಿದ್ದವರು.

ಆ ವರ್ಷ, ಎರಡು ಸಾವಿರದ ಇಪ್ಪತ್ನಾಲ್ಕರಲ್ಲಿ, ಯುಗಾದಿಗೂ ಮೊದಲೇ ಹಂಗಾಮಿ ನೌಕರ ಕಾಯಂ ಆದಂತೆ ಬಿಸಿಲು ಬಂದು ಕೂತಿತು. ಬೋರ್‌ವೆಲ್‌ಗಳು ಕೆಮ್ಮಿ ಕೆಮ್ಮಿ ನಿಂತವು. ಗುಡವಿ ಪಕ್ಷಿಧಾಮದ ಕೆರೆಯಲ್ಲಿ ನೀರು ತಳ ಕಂಡು, ಇದ್ದ ಬೆಳ್ಳಕ್ಕಿಗಳೂ ಜಾಗ ಖಾಲಿ ಮಾಡಿದವೆಂದು ಪೇಪರಿನಲ್ಲಿ ಬಂತು. ಏಪ್ರಿಲ್ ಎರಡನೇ ವಾರ ಹತ್ತಿರದ ಉಡುತಡಿಯಲ್ಲಿ ಸಣ್ಣಪ್ಪ ಎಂಬ ರೈತರು ಶುಂಠಿ ಹೊಲದಲ್ಲಿ ಪೈಪ್ ಎಳೆಯುತ್ತಿದ್ದವರು ಮಧ್ಯಾಹ್ನ ಎರಡಕ್ಕೆ ಕುಸಿದು ಬಿದ್ದರು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋದರು. ಶಿವಮೂರ್ತಪ್ಪನವರಿಗೂ ಸಣ್ಣಪ್ಪನವರಿಗೂ ಹಳೆಯ ಪರಿಚಯ. ಗಂಡ ಹೆಂಡತಿ ಇಬ್ಬರೂ ಮಾತಾಡಿಸಿಕೊಂಡು ಬರಲು ಹೋದರು.

ಅಂಗಳದಲ್ಲಿ ಜನ ಕೂತಿದ್ದರು. ಯಾರೋ, “ಬಿಸಿಲು ಜೀವ ತಗೊಂಡುಬಿಡ್ತು ನೋಡ್ರಿ” ಎಂದರು. ಶಿವಮೂರ್ತಪ್ಪನವರಿಗೆ ತಡೆಯಲಾಗಲಿಲ್ಲ.

“ಅವತ್ತು ಎಷ್ಟಿತ್ತು? ಮೂವತ್ತೊಂಬತ್ತು. ಮೂವತ್ತೊಂಬತ್ತಕ್ಕೆ ಮನುಷ್ಯ ಸಾಯ್ತಾನೇನ್ರೀ? ರಾಯಚೂರಲ್ಲಿ ಅದು ಬೆಳಿಗ್ಗೆ ತಿಂಡಿ ಹೊತ್ತಿನ ಬಿಸಿಲು. ಇವರಿಗೆ ಬೇರೆ ಏನೋ ಇದ್ದಿರಬೇಕು.”

ಬಾಗಿಲಲ್ಲಿ ಕೂತಿದ್ದ ಸಣ್ಣಪ್ಪನವರ ಹೆಂಡತಿ ಲೋಕಮ್ಮ ತಲೆ ಎತ್ತಿದರು. ಅತ್ತು ಅತ್ತು ಒಡೆದ ಗಂಟಲಿನಲ್ಲಿ, ಸಾವಧಾನವಾಗಿಯೇ ಹೇಳಿದರು: “ಅವರಿಗೆ ಗೊತ್ತಾಗಲಿಲ್ಲ ಯಜಮಾನ್ರೆ, ಇದು ಸಣ್ಣ ಬಿಸಿಲು ಅಂತ. ನೀವು ಮೊದಲೇ ಬಂದು ಹೇಳಿದ್ರೆ ಬದುಕಿಕೊಳ್ತಿದ್ರೇನೋ.”

ಜಗದಾಂಬನವರು ನೆಲ ನೋಡಿದರು. ಶಿವಮೂರ್ತಪ್ಪನವರು ಮಾತ್ರ ಆ ಮಾತನ್ನು ಒಪ್ಪಿಗೆ ಎಂದೇ ತೆಗೆದುಕೊಂಡು, ಹೌದು ಹೌದು ಎಂದು ತಲೆ ಆಡಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಜಗದಾಂಬನವರು ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತರು. ಬಿಸಿಲಿಗೆ ಬಳಲಿದ್ದಾಳೆ ಎಂದುಕೊಂಡು ಗಂಡ, “ರಾಯಚೂರು ಮರೆತುಬಿಟ್ಟೆ ನೀನು” ಎಂದು ಹಾಸ್ಯ ಮಾಡಿದರು.

ಆ ವಾರವೇ ಊರಿನಲ್ಲಿ ಮೊಬೈಲ್ ಹಿಡಿದು ಸುದ್ದಿ ಮಾಡುವ ಒಬ್ಬಾತ ಹೋಟೆಲಿನ ಮುಂದೆ ಇವರನ್ನು ನಿಲ್ಲಿಸಿಕೊಂಡು ಮಾತಾಡಿಸಿದ. ನಟ್ಟನಡು ಮಧ್ಯಾಹ್ನ, ತಲೆಗೆ ಟೋಪಿಯಿಲ್ಲ, ಛತ್ರಿಯಿಲ್ಲ. ಆರು ನಿಮಿಷ ರಾಯಚೂರು. ಕೆಳಗೆ ‘ಬಿಸಿಲು ತಜ್ಞ’ ಎಂದು ಬರೆದು ಹರಿಯಬಿಟ್ಟ. ಅದು ಕೈಯಿಂದ ಕೈಗೆ ದಾಟಿ ಸೊರಬ ತಾಲ್ಲೂಕಿನ ಆನವಟ್ಟಿಗೆ ಮುಟ್ಟಿತು. ಅಲ್ಲಿ ಪರಶುರಾಮ ಎಂಬುವನ ಫೋನಿಗೆ ಬಿತ್ತು.

ಪರಶುರಾಮನಿಗೆ ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ವ್ಯಾಪಾರ. ಮದುವೆಗಳಿಲ್ಲದ ವಾರಗಳಲ್ಲಿ ಕುರ್ಚಿಗಳು ಸುಮ್ಮನಿರಬಾರದೆಂದು ಆತ ಹಿತಚಿಂತಕರ ಬಳಗವೊಂದನ್ನು ಕಟ್ಟಿದ್ದ. ಬಳಗ ಆಗಾಗ ಜನರ ಹಿತ ಚಿಂತಿಸುತ್ತಿತ್ತು. ಈ ಸಲ ‘ಬಿಸಿಗಾಳಿ ಜಾಗೃತಿ ಸಮಾರಂಭ’ ಎಂದು ಗೊತ್ತುಮಾಡಿ ಶಿವಮೂರ್ತಪ್ಪನವರಿಗೆ ಫೋನ್ ಮಾಡಿದ.

“ಸರ್, ಮುಖ್ಯ ಭಾಷಣ ನಿಮ್ಮದೇ. ಸನ್ಮಾನ ಬೇರೆ ಇಟ್ಕೊಂಡಿದೀವಿ.”

“ಆನವಟ್ಟಿಯಲ್ಲಿ ಬಿಸಿಗಾಳಿನಾ?” ಎಂದು ಶಿವಮೂರ್ತಪ್ಪನವರು ನಕ್ಕರು. “ಇರಲಿ, ಬಂದು ಧೈರ್ಯ ಹೇಳ್ತೀನಿ.”

ಏಪ್ರಿಲ್ ಕೊನೆಯ ಶನಿವಾರ. ಬೆಳಿಗ್ಗೆ ಜಗದಾಂಬನವರು ನೀರಿನ ಬಾಟಲಿ ಕೊಡಲು ಬಂದರೆ ಅವರು ಕೈ ಅಡ್ಡ ಹಿಡಿದರು. ನೀರು ಕುಡಿಯುವುದು ಚಟ, ಒಮ್ಮೆ ಅಭ್ಯಾಸವಾದರೆ ಬಿಡುವುದಿಲ್ಲ ಎಂಬುದು ಅವರ ಸಿದ್ಧಾಂತ. ಮದುವೆ ಮನೆಗಳಿಗೆಂದು ಇಟ್ಟಿದ್ದ ಕರಿ ಕೋಟು ಹಾಕಿಕೊಂಡರು. ಬಸ್ಸಿನಲ್ಲಿ ನೆರಳಿನ ಕಡೆಯ ಸೀಟು ಖಾಲಿ ಇದ್ದರೂ ಬಿಸಿಲಿನ ಕಡೆಗೇ ಕೂತರು. ನೋಡುವವರು ಯಾರಾದರೂ ಇರುತ್ತಾರಲ್ಲ. ಶಿರಾಳಕೊಪ್ಪದಲ್ಲಿ ಪಕ್ಕದವನೊಬ್ಬ ಎಳನೀರು ಕೊಡಿಸಲು ಬಂದರೂ ಬೇಡವೆಂದರು.

ಆನವಟ್ಟಿಯಲ್ಲಿ ಇಳಿದಾಗ ಹತ್ತು ಗಂಟೆ. ಬಿಸಿಲು ರಾಯಚೂರಿನದರಂತೆ ಹೊಡೆಯುತ್ತಿರಲಿಲ್ಲ, ನಿಜ. ಹಿಂದಿನ ದಿನ ಎಲ್ಲೋ ನಾಲ್ಕು ಹನಿ ಬಿದ್ದು ಹೋಗಿತ್ತು. ಆಕಾಶಕ್ಕೆ ತೆಳುವಾದ ಮೋಡ ಕವಿದು ಗಾಳಿ ಸತ್ತಿತ್ತು. ಎಲೆ ಅಲುಗುತ್ತಿರಲಿಲ್ಲ. ಬೆವರು ಬರುತ್ತಿತ್ತು, ಆರುತ್ತಿರಲಿಲ್ಲ. ಕೋಟಿನೊಳಗೆ ಅಂಗಿ, ಅಂಗಿಯೊಳಗೆ ಬನಿಯನ್, ಎಲ್ಲ ಒಂದಕ್ಕೊಂದು ಅಂಟಿಕೊಂಡವು. ಶಿವಮೂರ್ತಪ್ಪನವರಿಗೆ ಯಾಕೋ ಕಾರವಾರ ನೆನಪಾಯಿತು. ಆದರೆ ಕಾರವಾರವನ್ನು ಅವರು ಎಂದೋ ಪಟ್ಟಿಯಿಂದ ಹೊಡೆದುಹಾಕಿದ್ದರು.

ಸಮಾರಂಭ ತಗಡಿನ ಶೀಟಿನ ಒಂದು ಸಭಾಂಗಣದಲ್ಲಿ. ಸುತ್ತಲ ಹಳ್ಳಿಗಳಿಂದ ಸ್ವಸಹಾಯ ಸಂಘಗಳ ಹೆಂಗಸರನ್ನು ಟೆಂಪೊಗಳಲ್ಲಿ ಒಂಬತ್ತೂವರೆಗೇ ತಂದು ತುಂಬಿದ್ದರು. ಮೂಲೆಯಲ್ಲಿ ಇಟ್ಟಿದ್ದ ಒಂದೇ ಒಂದು ನೀರಿನ ಕ್ಯಾನು ಹತ್ತೂಕಾಲಿಗೆ ಬರಿದಾಗಿತ್ತು. ವೇದಿಕೆಯ ಮೇಲೆ ಸಣ್ಣ ಬಾಟಲಿಗಳ ಎರಡು ಪೆಟ್ಟಿಗೆ ಇದ್ದವು, ಆದರೆ ಅವು ಉದ್ಘಾಟಕರು ಮತ್ತು ಅವರ ಜೊತೆಯವರಿಗೆ. ಉದ್ಘಾಟಕರು ಬಂದದ್ದು ಹನ್ನೆರಡೂವರೆಗೆ, ಹವಾನಿಯಂತ್ರಿತ ಕಾರಿನಲ್ಲಿ. ದೀಪ ಹಚ್ಚುವಾಗ ಆರಿಹೋಗುತ್ತದೆಂದು ಪರಶುರಾಮ ಇದ್ದ ಆರೂ ಫ್ಯಾನು ನಿಲ್ಲಿಸಿದ. ದೀಪ ಚೆನ್ನಾಗಿ ಉರಿಯಿತು. ಫ್ಯಾನುಗಳನ್ನು ಮತ್ತೆ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಉದ್ಘಾಟಕರು ಭೂಮಿ ಬಿಸಿಯಾಗುತ್ತಿದೆ ಎಂದು ತಿಳಿಸಿ, ಇನ್ನೊಂದು ಕಾರ್ಯಕ್ರಮವಿದೆ ಎಂದು ಹೊರಟುಹೋದರು.

ಕಾರ್ಯಕ್ರಮ ಪಟ್ಟಿಯ ಕೊನೆಯಲ್ಲಿ, ವಂದನಾರ್ಪಣೆಗೆ ಸ್ವಲ್ಪ ಮೇಲೆ, ಸಾವಿತ್ರಿಬಾಯಿ ಎಂಬ ಆಶಾ ಕಾರ್ಯಕರ್ತೆಯ ಹೆಸರಿತ್ತು. ಬಿಸಿಲಿಗೆ ಬಿದ್ದವರಿಗೆ ಮೊದಲು ಏನು ಮಾಡಬೇಕು ಎಂಬುದನ್ನು ಆಕೆ ಐದು ನಿಮಿಷದಲ್ಲಿ ಹೇಳುವವರಿದ್ದರು. ಸ್ವಾಗತ ಭಾಷಣ ಮುಕ್ಕಾಲು ಗಂಟೆ ಹಿಡಿದದ್ದರಿಂದ ಪರಶುರಾಮ ಬಂದು, “ಮೇಡಂ, ನಿಮ್ಮದು ಕ್ಯಾನ್ಸಲ್, ಬೇಜಾರು ಮಾಡ್ಕೋಬೇಡಿ” ಎಂದ. ಅವರು ಹಿಂದಿನ ಸಾಲಿನಲ್ಲಿ ಕೂತು ಗುಲಾಬಿ ಸೀರೆಯ ಸೆರಗಿನಿಂದ ಪಕ್ಕದ ಮುದುಕಿಗೆ ಗಾಳಿ ಬೀಸತೊಡಗಿದರು.

ಆಮೇಲೆ ಸನ್ಮಾನ. ಶಿವಮೂರ್ತಪ್ಪನವರ ಕೋಟಿನ ಮೇಲೆ ದಪ್ಪನೆಯ ಶಾಲು ಹೊದಿಸಿದರು. ತಲೆಗೆ ಜರಿಯ ಪೇಟ ಒತ್ತಿ ಕೂರಿಸಿದರು. ಕೊರಳಿಗೆ ಗಂಧದ ಹಾರ. ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಅದರ ಮೇಲೆ ಫಲಕ. ಫೋಟೊದವನು, “ಸರ್, ಇನ್ನೊಂದ್ ಸ್ವಲ್ಪ, ಹಾಗೇ ಇರಿ” ಎನ್ನುತ್ತ ನಾಲ್ಕು ಕಡೆಯಿಂದ ತೆಗೆದ. ಅವರಿಗೆ ಆಗಲೇ ಬೆವರು ನಿಂತುಹೋಗಿತ್ತು. ಮೈ ಒಗ್ಗಿಕೊಂಡಿತು ಎಂದು ಅವರು ಹೆಮ್ಮೆಪಟ್ಟರು. ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಆಗುತ್ತಿತ್ತು. ಅದನ್ನು ಚಪ್ಪಾಳೆ ಎಂದುಕೊಂಡರು.

ಎದ್ದು ನಿಂತು ಮೈಕು ಹಿಡಿದರು. ಹೊರಗೆ ಕಂಬಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರು ಬಸ್‌ಸ್ಟ್ಯಾಂಡಿನ ಕಡೆಗೆ ಮುಖ ಮಾಡಿತ್ತು, ಆದ್ದರಿಂದ ಅವರ ಮಾತು ಅರ್ಧ ಆನವಟ್ಟಿಗೆ ಕೇಳಿಸಿತು.

“ಬಂಧುಗಳೇ, ನೀವು ಇದಕ್ಕೆ ಬಿಸಿಲು ಅಂತೀರಿ. ಒಂಬತ್ತು ಬೇಸಿಗೆ ನಾನು ರಾಯಚೂರಲ್ಲಿ ಕಳೆದವನು. ನಲವತ್ನಾಲ್ಕು ಡಿಗ್ರಿ. ಒಂದು ದಿನ ‘ಸೆಕೆ’ ಅಂತ ಅಂದವನಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಬರ್ತಿದ್ದೆ. ಬಂದು…”

ಇಲ್ಲಿಗೆ ನಿಂತರು. ಸಭೆಯನ್ನು ಬಿಟ್ಟು ಎಲ್ಲೋ ಹಿಂದಿನ ಗೋಡೆಯ ಕಡೆಗೆ ನೋಡಿದರು. ದನಿ ಬದಲಾಯಿತು; ಭಾಷಣದ ದನಿ ಹೋಗಿ ಮನೆಯ ದನಿ ಬಂತು.

“ಕೂಲರಿಗೆ ನೀರು ಮುಗೀತಲ್ಲೇ. ಜಗದಾಂಬಾ, ಇನ್ನೆರಡು ಕೊಡ ತಂದು ಹಾಕು. ಟ್ಯಾಂಕರು ಹೋಗೋದ್ರೊಳಗೆ ಹೋಗು. ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗು, ಹೊರಗಿನ ಝಳ ಒಳಗೆ ಬರುತ್ತೆ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಪರಶುರಾಮ ಇದು ಅಭಿನಯ ಎಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದ. ನಾಲ್ಕು ಜನ ಅವನನ್ನು ಅನುಸರಿಸಿದರು. ಶಿವಮೂರ್ತಪ್ಪನವರು, “ಬಾಗಿಲು… ಬಾಗಿಲು ಹಾಕೇ” ಎನ್ನುತ್ತ ಪೇಟ, ಶಾಲು, ಹಾರದ ಸಮೇತ ಮುಂದಕ್ಕೆ ಬಿದ್ದರು. ಮೈಕು ಅವರಿಗಿಂತ ಮೊದಲು ಕೆಳಗೆ ಬಿದ್ದು ಕಿರುಚಿತು.

ಎಲ್ಲರಿಗಿಂತ ಮೊದಲು ಓಡಿ ಬಂದವರು ಸಾವಿತ್ರಿಬಾಯಿ. ಹಣೆ ಮುಟ್ಟಿದರೆ ಕಾದ ಹಂಚು. “ಫೋಟೊ ಸಾಕು, ಕಾಲು ಹಿಡೀರಿ” ಎಂದು ಫೋಟೊದವನಿಗೆ ಹೇಳಿ, ನಾಲ್ವರು ಹೆಂಗಸರ ಜೊತೆ ಅವರನ್ನು ಎತ್ತಿ ಹೊರಗಿನ ಹೊಂಗೆಮರದಡಿಗೆ ತಂದರು. ಪೇಟ ತೆಗೆದೆಸೆದರು, ಕೋಟು ಬಿಚ್ಚಿಸಿದರು. ವೇದಿಕೆಯ ಮೇಲಿನ ಬಾಟಲಿಗಳನ್ನು ತರಲು ಹೇಳಿದರೆ ಪರಶುರಾಮ ಅಡ್ಡ ನಿಂತ.

“ಅವು ಅತಿಥಿಗಳಿಗೆ ಮೇಡಂ.”

“ಇವರೂ ಅತಿಥಿನೇ ಅಲ್ವೇನ್ರೀ? ಅಥವಾ ಹೋದ ಮೇಲೆ ಕೊಡ್ತೀರಾ?”

ಪೆಟ್ಟಿಗೆಗಳು ಬಂದವು. ಸಾವಿತ್ರಿಬಾಯಿ ಒಂದೊಂದೇ ಬಾಟಲಿಯ ಮುಚ್ಚಳ ತೆಗೆದು ಅವರ ಮೈಮೇಲೆ ಸುರಿದರು. ಎದುರಿನ ಕಬ್ಬಿನ ಹಾಲಿನ ಅಂಗಡಿಯಿಂದ ಮಂಜುಗಡ್ಡೆ ತರಿಸಿ ಸನ್ಮಾನದ ಶಾಲಿನಲ್ಲಿ ಸುತ್ತಿ ಕಂಕುಳಿಗೆ, ಕುತ್ತಿಗೆಗೆ ಇಟ್ಟರು. ಬಾಗಿಲಿನ ಫ್ಲೆಕ್ಸ್ ಕಿತ್ತು ಇಬ್ಬರ ಕೈಗೆ ಕೊಟ್ಟು ಬೀಸಲು ಹೇಳಿದರು. ‘ಬಿಸಿಗಾಳಿ ಜಾಗೃತಿ ಸಮಾರಂಭ’ ಎಂದು ಬರೆದ ಹದಿನಾಲ್ಕು ಅಡಿಯ ಫ್ಲೆಕ್ಸು ಆ ದಿನ ಮಾಡಿದ ಉಪಕಾರ ಅದೊಂದೇ. ಕೈ ಕೆಲಸ ಮಾಡುತ್ತಿರುವಾಗಲೇ ಆಕೆ ಸುತ್ತ ನಿಂತ ಹೆಂಗಸರಿಗೆ ಯಾವುದನ್ನು ಯಾಕೆ ಮಾಡುತ್ತಿದ್ದೇನೆ ಎಂದು ಹೇಳುತ್ತ ಹೋದರು. ರದ್ದಾದ ಐದು ನಿಮಿಷ ಹೀಗೆ ನಡೆದುಹೋಯಿತು.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಇಳಿಯುವ ಹೊತ್ತಿಗೆ ಕಣ್ಣು ಬಿಟ್ಟರು. ಡಾಕ್ಟರು, “ಇನ್ನು ಕಾಲು ಗಂಟೆ ತಡವಾಗಿದ್ರೆ ಕಷ್ಟ ಇತ್ತು. ಆ ಸಾವಿತ್ರಿಬಾಯಿಗೆ ಕೈ ಮುಗೀರಿ” ಎಂದರು. ಶಿವಮೂರ್ತಪ್ಪನವರು ಕ್ಷೀಣವಾಗಿ ಕೇಳಿದರು, “ಎಷ್ಟಿತ್ತು ಇವತ್ತು?”

“ಮೂವತ್ತೇಳು.”

ಅವರು ಗೋಡೆಯ ಕಡೆಗೆ ತಿರುಗಿ ಮಲಗಿದರು.

ಸಂಜೆ ಜಗದಾಂಬನವರು ಎರಡು ಸೀರೆ ತುಂಬಿದ ಚೀಲ ಹಿಡಿದು ಬಸ್ಸಿನಲ್ಲಿ ಬಂದರು. ಬಾಗಿಲಲ್ಲಿ ಸಾವಿತ್ರಿಬಾಯಿ ಸಿಕ್ಕಿ ನಡೆದದ್ದನ್ನೆಲ್ಲ ಹೇಳಿದ್ದರು, ಮೈಕಿನಲ್ಲಿ ಹೇಳಿದ ಮಾತನ್ನೂ. ಜಗದಾಂಬನವರು ಸ್ಟೂಲು ಎಳೆದುಕೊಂಡು ಕೂತು ಗಂಡನ ಕೈ ಹಿಡಿದುಕೊಂಡರು.

“ಮೈಕಿನಲ್ಲಿ ಏನೋ ಬಡಬಡಿಸಿದೆನಂತೆ,” ಎಂದರು ಶಿವಮೂರ್ತಪ್ಪನವರು. “ತಲೆ ಕೆಟ್ಟಿತ್ತು.”

“ತಲೆ ಕೆಟ್ಟಾಗಲೇ ನಿಜ ಹೇಳಿದ್ದೀರಿ ಬಿಡಿ.”

“ಏನು ನಿಜ?”

“ರಾಯಚೂರು ಬಿಸಿಲು ನೀವು ನೋಡಿದ್ದು ಎಲ್ಲಿ ರೀ? ಹತ್ತಕ್ಕೆ ಆಫೀಸಿಗೆ ಹೋಗಿ ಕೂಲರ್ ಮುಂದೆ ಕೂರ್ತಿದ್ರಿ. ಒಂದಕ್ಕೆ ಮನೆಗೆ ಬಂದು ಮೂರರ ತನಕ ಕೂಲರ್ ಮುಂದೆ ಮಲಗ್ತಿದ್ರಿ. ಟ್ಯಾಂಕರ್ ಬರ್ತಿದ್ದದ್ದು ಹನ್ನೆರಡೂವರೆಗೆ. ಸಾಲಲ್ಲಿ ನಿಂತವಳು ನಾನು. ಕುಡಿಯೋದಕ್ಕೆ ಎರಡು ಕೊಡ, ಅಡಿಗೆಗೆ ಎರಡು, ನಿಮ್ಮ ಕೂಲರಿಗೆ ನಾಲ್ಕು.”

ಅವರು ಏನೋ ಹೇಳಲು ಬಾಯಿ ತೆರೆದರು. ಜಗದಾಂಬನವರು ದನಿ ಏರಿಸದೆ ಮುಂದುವರಿಸಿದರು.

“ಎರಡನೇ ವರ್ಷ, ಮೇ ತಿಂಗಳು. ಸಾಲಲ್ಲಿ ನಿಂತಿದ್ದವಳು ಹಾಗೇ ಬಿದ್ದೆ. ಪಕ್ಕದ ಕ್ವಾರ್ಟರ್ಸಿನ ಹುಲಿಗೆಮ್ಮ ತನ್ನ ಕೊಡದ ನೀರೆಲ್ಲ ನನ್ನ ತಲೆ ಮೇಲೆ ಸುರಿದಳು. ಅವಳ ಮನೆಗೆ ಅವತ್ತು ನೀರಿಲ್ಲ. ನನ್ನ ಮನೆ ತನಕ ನಡೆಸಿಕೊಂಡು ಬಂದಳು. ನೀವು ಒಳಗೆ ಮಲಗಿದ್ರಿ. ಬಾಗಿಲು ತೆಗೆದಾಗ ‘ಝಳ ಬರ್ತದೆ, ಹಾಕೇ’ ಅಂದ್ರಿ. ರಾತ್ರಿ ಊಟಕ್ಕೆ ಕೂತು ಸಾರಿಗೆ ಉಪ್ಪು ಜಾಸ್ತಿ ಅಂದ್ರಿ.”

“ನೀನು ಹೇಳಲೇ ಇಲ್ಲ.”

“ನೀವು ಒಂದು ದಿನ ಕೇಳಲೇ ಇಲ್ಲ. ಆಮೇಲೆ ಊರಿಗೆ ಬಂದು ಇಪ್ಪತ್ತು ವರ್ಷ ಹೇಳಿಕೊಂಡು ತಿರುಗಿದ್ರಲ್ಲ, ಅದು ನನ್ನ ಬಿಸಿಲು ರೀ. ಇರಲಿ ಅಂತ ಬಿಟ್ಟಿದ್ದೆ. ಉಡುತಡಿಯಲ್ಲಿ ಆ ಹೆಣ್ಣುಮಗಳ ಮುಂದೆ ಅದನ್ನ ತೆಗೆದ್ರಲ್ಲ, ಅವತ್ತಿಂದ ನನಗೆ ಊಟ ರುಚಿಸಿಲ್ಲ.”

ಡ್ರಿಪ್ಪಿನ ಹನಿ ಬೀಳುತ್ತಿತ್ತು. ಶಿವಮೂರ್ತಪ್ಪನವರು ಅದನ್ನೇ ನೋಡುತ್ತ ಮಲಗಿದರು. ಅವರ ಬಾಯಿಗೆ ಬಂದು ನಿಂತ ಎಲ್ಲ ಉತ್ತರಗಳೂ ರಾಯಚೂರಿನಿಂದಲೇ ಶುರುವಾಗುತ್ತಿದ್ದವು, ಹಾಗಾಗಿ ಒಂದೂ ಹೊರಡಲಿಲ್ಲ.

ಮಾರನೇ ದಿನ ಪರಶುರಾಮ ತನ್ನ ವ್ಯಾನಿನಲ್ಲಿ, ಮಡಚಿದ ಕುರ್ಚಿಗಳ ನಡುವೆ, ಅವರನ್ನು ಶಿಕಾರಿಪುರಕ್ಕೆ ಮುಟ್ಟಿಸಿದ. ಜಗದಾಂಬನವರು ಜೊತೆಗೆ ಹೋಗಲಿಲ್ಲ. “ಸೊರಬದಲ್ಲಿ ತಂಗಿ ಕರುಣಾಳ ಮನೆಗೆ ಹೋಗಿ ಎಂಟು ದಿನ ಇದ್ದು ಬರ್ತೀನಿ” ಎಂದು ಆನವಟ್ಟಿಯಿಂದಲೇ ತಂಗಿಯ ಊರಿನ ಬಸ್ಸು ಹತ್ತಿದರು. ಎಂಟು ದಿನ ನಲವತ್ತಾಯಿತು.

ಶಿವಮೂರ್ತಪ್ಪನವರ ಬೀದಿಗೆ ಆಗ ಎರಡು ದಿನಕ್ಕೊಮ್ಮೆ ಟ್ಯಾಂಕರು. ಅದು ಬರುವ ಹೊತ್ತು ಮಧ್ಯಾಹ್ನ ಒಂದು. ಮೊದಲ ಸಲ ಅವರು ಗೇಟಿನಲ್ಲೇ ನಿಂತು ಪಕ್ಕದ ಮನೆಯ ಗಂಗಾಶ್ರೀಯನ್ನು ಕೇಳಿದರು, “ಒಂದೆರಡು ಕೊಡ ನನಗೂ ಹಿಡಿದು ಕೊಡಮ್ಮ, ಡಾಕ್ಟರು ಬಿಸಿಲಿಗೆ ಹೋಗಬೇಡ ಅಂದಿದಾರೆ.”

“ಅಯ್ಯೋ, ಮೂವತ್ತೆಂಟು ಅಷ್ಟೇ ಅಲ್ವಾ ಅಂಕಲ್,” ಎಂದು ಆಕೆ ತನ್ನ ಕೊಡ ಎತ್ತಿಕೊಂಡು ಹೋದಳು. ಆನವಟ್ಟಿಯ ಭಾಷಣ ಅಷ್ಟರಲ್ಲಿ ಶಿಕಾರಿಪುರದ ಎಲ್ಲ ಫೋನುಗಳಲ್ಲೂ ಇತ್ತು.

ಎರಡನೇ ಸಲ ಅವರು ತಲೆಗೆ ಒದ್ದೆ ಟವಲು ಕಟ್ಟಿ, ಛತ್ರಿ ಹಿಡಿದು, ಎರಡು ಕೊಡದ ಜೊತೆ ಸಾಲಿನಲ್ಲಿ ನಿಂತರು. ಮುಂದೆ ಹದಿನಾರು ಜನ, ಎಲ್ಲ ಹೆಂಗಸರೇ. ಹಿರಿಯರೆಂದು ಯಾರೂ ದಾರಿ ಬಿಡಲಿಲ್ಲ. ಕಾಲಡಿಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ತಮ್ಮ ಸರದಿ ಬಂದಾಗ ಕೊಡ ಹೆಗಲಿಗೇರಿಸಲು ಬರದೆ ಅರ್ಧ ನೀರು ಕೋಟಿಲ್ಲದ ಮೈಮೇಲೆ ಚೆಲ್ಲಿಕೊಂಡರು. ಮನೆ ಮುಟ್ಟಿ ಜಗುಲಿಯ ಮೇಲೆ ಕೂತವರಿಗೆ ಅರ್ಧ ಗಂಟೆ ಏಳಲಾಗಲಿಲ್ಲ. ಇದನ್ನು ದಿನಕ್ಕೆ ನಾಲ್ಕು ಸಲ, ನಲವತ್ನಾಲ್ಕು ಡಿಗ್ರಿಯಲ್ಲಿ, ಒಂಬತ್ತು ವರ್ಷ ಎಂದು ಲೆಕ್ಕ ಹಾಕಲು ಹೋಗಿ, ನಡುವೆಯೇ ಬಿಟ್ಟರು.

ಆ ದಿನ ಸೊರಬಕ್ಕೆ ಫೋನ್ ಮಾಡಿದರು. “ಅಲ್ಲಿ ಸೆಕೆ ಹೇಗಿದೆ?” ಎಂದು ಕೇಳಿದರು. ಮದುವೆಯಾಗಿ ಮೂವತ್ತೇಳು ವರ್ಷಕ್ಕೆ ಮೊದಲ ಸಲ.

ಜಗದಾಂಬನವರು ಹೇಳಿದರು: “ಗಾಳಿ ಇಲ್ಲ ರೀ. ಮೈಯೆಲ್ಲ ಅಂಟಂಟು. ಸಂಜೆ ಹೊತ್ತಿಗೆ ಗುಡುಗುತ್ತೆ, ಮಳೆ ಬರಲ್ಲ. ಅಲ್ಲಿ?”

“ಇಲ್ಲಿ… ಜಾಸ್ತಿನೇ ಇದೆ.” ಆಮೇಲೆ, “ಆ ಹುಲಿಗೆಮ್ಮ ಈಗ ಎಲ್ಲಿದಾಳೆ?” ಎಂದರು.

“ಫೋನ್ ಮಾಡ್ತಿರ್ತಾಳೆ ಯುಗಾದಿಗೆ. ನಂಬರ್ ಬೇಕಾ?”

“ಬೇಡ. ನೀನೇ ಫೋನ್ ಮಾಡು, ನಾನು ಕೇಳಿದೆ ಅಂತ ಹೇಳು.”

ಮನುಷ್ಯ ಒಂದು ಬೇಸಿಗೆಗೆ ಇದಕ್ಕಿಂತ ಹೆಚ್ಚು ಬದಲಾಗುವುದಿಲ್ಲ. ಜೂನಿನಲ್ಲಿ ನಾಲ್ಕು ಹನಿ ಬಿದ್ದ ಮೇಲೆ ಜಗದಾಂಬನವರು ಬಂದರು. ಅಷ್ಟರಲ್ಲಿ ಶಿವಮೂರ್ತಪ್ಪನವರು ಸಾಲಿನಲ್ಲಿ ಕೊಡ ಇಡುವ ಕ್ರಮ, ಟ್ಯಾಂಕರಿನ ಯಾವ ನಲ್ಲಿಯಲ್ಲಿ ರಭಸ ಹೆಚ್ಚು ಎಂಬ ವಿಷಯದಲ್ಲಿ ಬೀದಿಯ ಹೆಂಗಸರಿಗೆಲ್ಲ ತಿಳಿವಳಿಕೆ ಕೊಡುವಷ್ಟು ತಜ್ಞರಾಗಿದ್ದರು. ಆ ಹೆಂಗಸರು ಮೂವತ್ತು ವರ್ಷದಿಂದ ನೀರು ಹೊತ್ತವರು, ಆದರೂ ಕೇಳಿಸಿಕೊಂಡರು. ಹೊರುವವರು ಒಬ್ಬರು ಹೆಚ್ಚಾದರಲ್ಲ ಎಂಬ ಸಮಾಧಾನಕ್ಕೆ.

ಮರುವರ್ಷ ಮಾರ್ಚಿನಲ್ಲಿ ಪರಶುರಾಮ ಮತ್ತೆ ಫೋನ್ ಮಾಡಿದ. ಜಗದಾಂಬನವರು ಎತ್ತಿಕೊಂಡರು.

“ಮೇಡಂ, ಈ ಸಲ ಇನ್ನೂ ದೊಡ್ಡದಾಗಿ ಮಾಡ್ತಿದೀವಿ. ಸರ್ ಅಂದ್ರೆ ಜನಕ್ಕೆ ಈಗ ಭಾರಿ ಆಸಕ್ತಿ. ಬಿಸಿಗಾಳಿ ಗೆದ್ದು ಬಂದವರು ಅಂತ ಸನ್ಮಾನ. ನೀವೂ ಬನ್ನಿ, ಇಬ್ಬರಿಗೂ ಮಾಡ್ತೀವಿ.”

“ಅವರು ಬರೋದಿಲ್ಲ. ನಾನೂ ಬರೋದಿಲ್ಲ. ಒಂದು ಮಾತು ಹೇಳ್ತೀನಿ ಕೇಳ್ತೀರಾ?”

“ಹೇಳಿ ಮೇಡಂ.”

“ಬೆಳಿಗ್ಗೆ ಏಳಕ್ಕೆ ಇಟ್ಕೊಳ್ಳಿ. ಒಂಬತ್ತಕ್ಕೆ ಮುಗಿಸಿ. ಬಂದವರಿಗೆಲ್ಲ ಕುಡಿಯೋಕೆ ನೀರು ಇಡಿ. ಸಾವಿತ್ರಿಬಾಯಿಯವರನ್ನ ಮೊದಲು ಮಾತಾಡಿಸಿ.”

“ಬಹಳ ಒಳ್ಳೆ ಸಲಹೆ ಮೇಡಂ. ಬರ್ಕೊಂಡೆ,” ಎಂದ ಪರಶುರಾಮ.

ಕಾರ್ಯಕ್ರಮ ಏಪ್ರಿಲ್ ಕೊನೆಯ ವಾರ ನಡೆಯಿತು. ಉದ್ಘಾಟಕರ ಅನುಕೂಲ ನೋಡಿ ಸಮಯವನ್ನು ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟಿದ್ದರಂತೆ. ಈ ಸಲ ಶಾಲು ಹೊದಿಸಿಕೊಂಡವರು ಏಳು ಜನ.